ಟೆಟ್ರಿಸಿನ ಇಪ್ಪತ್ತೊಂಬತ್ತನೆಯ ಹಂತ: ಹಳೆಯ ಆಟವೊಂದರ ಬಳಗ ಕೂಡಿಬಂದ ಬಗೆ

ಚದುರಂಗವನ್ನಾಗಲಿ ಪಗಡೆಯನ್ನಾಗಲಿ ಆಡಬೇಕೆಂದು ಬಯಸುವವನು ಮೊದಲು ಎದುರಾಳಿಯನ್ನು ಹುಡುಕಬೇಕಾಗುತ್ತದೆ. ಆಟದ ಕಟ್ಟಳೆಯೇ ಅವನನ್ನು ಇನ್ನೊಬ್ಬರ ಜಗಲಿಗೆ ಕರೆದೊಯ್ಯುತ್ತದೆ. ಟಿವಿಗೆ ಜೋಡಿಸಿ ಆಡುವ ವಿಡಿಯೊ ಗೇಮುಗಳ ಸ್ಥಿತಿ ಬೇರೆ. ಅವುಗಳಲ್ಲಿ ಎಷ್ಟೋ ಆಟಗಳಿಗೆ ಯಂತ್ರವೇ ಎದುರಾಳಿ. ಆಡುವವನು ಬಾಗಿಲು ಮುಚ್ಚಿಕೊಂಡು ಒಬ್ಬನೇ ಕುಳಿತು ವರ್ಷಗಟ್ಟಲೆ ಆಡಬಹುದು. ನೆರೆಮನೆಯವರಿಗೂ ಅದು ತಿಳಿಯದೆ ಹೋಗಬಹುದು. ಅದರಲ್ಲಿಯೂ, ಅಂಗಡಿಗಳಿಂದ ಮರೆಯಾಗಿಹೋದ, ಕಠಿನವಾದ ಹಳೆಯ ಆಟವೊಂದನ್ನು ಬಿಡದೆ ಹಿಡಿದಿರುವವನಿಗೆ, ತನ್ನಂಥವನು ಇನ್ನೊಬ್ಬನು ಎಲ್ಲಿಯಾದರೂ ಇರುವನೆ ಎಂಬ ಸಂದೇಹ ಸಹಜವಾದುದು. ಹೀಗೆ ಚದುರಿಹೋಗಿದ್ದ ಸಮಾನಮನಸ್ಕರು ಒಬ್ಬರನ್ನೊಬ್ಬರು ಕಂಡುಕೊಂಡುದು ಹೇಗೆ ಎಂಬ ಪ್ರಶ್ನೆಯನ್ನು ಒಂದೇ ನಿದರ್ಶನದ ಮೂಲಕ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಶಾಸನ, ನಾಣ್ಯ, ಕಡತಗಳ ನಡುವೆ ಮಕ್ಕಳಾಟದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಇಲ್ಲಿ ಎದುರಾಗತಕ್ಕ ಪ್ರಶ್ನೆಗಳು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದವಲ್ಲ. ಒಂದು ಸಂಗತಿ ನಡೆಯಿತೆಂಬುದಕ್ಕೆ ಸಾಕ್ಷ್ಯವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ಒಬ್ಬನ ಕೈಯಲ್ಲಿದ್ದ ವಿದ್ಯೆ ಇನ್ನೊಬ್ಬನ ಕೈಗೆ ದಾಟದೆ ಹೋದರೆ ಅದರ ಗತಿಯೇನು ಎಂಬಿವೇ ಆ ಪ್ರಶ್ನೆಗಳು.

ಟೆಟ್ರಿಸ್ ಆಟವನ್ನು ೧೯೮೪ರಲ್ಲಿ ಮಾಸ್ಕೋ ನಗರದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೋವ್ ಎಂಬುವರು ಎಲೆಕ್ಟ್ರೋನಿಕಾ ೬೦ ಎಂಬ ಯಂತ್ರದ ಮೇಲೆ ರಚಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ಅವುಗಳನ್ನು ತಿರುಗಿಸಿ, ಸರಿಸಿ, ಕೆಳಗೆ ಸಂದಿಲ್ಲದಂತೆ ಜೋಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗುತ್ತದೆ. ರಾಶಿ ಮೇಲಕ್ಕೆ ಮುಟ್ಟಿದರೆ ಆಟ ಮುಗಿಯುತ್ತದೆ. ಇಷ್ಟೇ ಅದರ ನಿಯಮ. ಇದರ ಹಕ್ಕುಗಳಿಗಾಗಿ ನಡೆದ ವ್ಯಾಜ್ಯಗಳ ಕಥೆ ದೀರ್ಘವಾದುದು, ಇಲ್ಲಿ ಅಪ್ರಸ್ತುತ. ಜಪಾನಿನ ನಿಂಟೆಂಡೊ ಸಂಸ್ಥೆಯು ತನ್ನ ಮನೆಬಳಕೆಯ ಎನ್‌ಇಎಸ್ ಯಂತ್ರಕ್ಕಾಗಿ ೧೯೮೯ರಲ್ಲಿ ಅಮೆರಿಕದಲ್ಲಿ ಹೊರತಂದ ಕ್ಯಾಸೆಟ್ಟೇ ನಮ್ಮ ವಿಷಯ.

ಟೆಟ್ರಿಸ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಆಟವಲ್ಲ. ಈಚಿನ ರೂಪಗಳಲ್ಲಿ ಏಳು ತುಂಡುಗಳೂ ಒಂದು ಸುತ್ತಿನಲ್ಲಿ ತಪ್ಪದೆ ಬರುತ್ತವೆ. ಬೇಡವಾದ ತುಂಡನ್ನು ಬದಿಗಿಟ್ಟುಕೊಳ್ಳಬಹುದು. ಮುಂದೆ ಬರತಕ್ಕ ಹಲವು ತುಂಡುಗಳು ಮೊದಲೇ ಕಾಣುತ್ತವೆ. ತಳಮುಟ್ಟಿದ ತುಂಡನ್ನು ಸರಿಸಲು ಕೊಂಚ ಅವಕಾಶವೂ ಉಂಟು. ೧೯೮೯ರ ಕ್ಯಾಸೆಟ್ಟಿನಲ್ಲಿ ಈ ದಾಕ್ಷಿಣ್ಯಗಳು ಯಾವುವೂ ಇಲ್ಲ. ಮುಂದಿನ ಒಂದೇ ತುಂಡು ಕಾಣುತ್ತದೆ. ನಾಲ್ಕು ಸಾಲುಗಳನ್ನು ಒಮ್ಮೆಗೇ ಅಳಿಸಲು ಬೇಕಾದ ಉದ್ದನೆಯ ಪಟ್ಟಿ ಎಷ್ಟು ಹೊತ್ತಾದರೂ ಬಾರದೆ ಆಟಗಾರನನ್ನು ಕಾಯಿಸಬಹುದು. ಇದನ್ನು ಅವರು ಬರಗಾಲ ಎಂದೇ ಕರೆಯುತ್ತಾರೆ. ಆದ್ದರಿಂದ ಟೆಟ್ರಿಸನ್ನು ಬಲ್ಲವರು ಲೋಕದಲ್ಲಿ ಲಕ್ಷಾಂತರ ಜನರಿದ್ದರೂ, ಈ ಒಂದು ಕ್ಯಾಸೆಟ್ಟಿನ ನಿಷ್ಠುರತೆಯನ್ನೇ ಮೆಚ್ಚುವವನಿಗೆ ಅವರೆಲ್ಲರೂ ಜೊತೆಗಾರರಾಗಲಾರರು.

ಈ ನಿಷ್ಠುರತೆಗೆ ಲೆಕ್ಕವಿದೆ. ಆಟದ ಅಂಗಳ ಹತ್ತು ಮನೆ ಅಗಲ, ಇಪ್ಪತ್ತು ಮನೆ ಎತ್ತರ. ಯಂತ್ರವು ಸೆಕೆಂಡಿಗೆ ಸುಮಾರು ೬೦ ಚಿತ್ರಗಳನ್ನು, ಎಂದರೆ ಫ್ರೇಮುಗಳನ್ನು, ತೋರಿಸುತ್ತದೆ. ಹದಿನೆಂಟನೆಯ ಹಂತದಲ್ಲಿ ತುಂಡು ಮೂರು ಫ್ರೇಮಿಗೆ ಒಂದು ಮನೆಯಂತೆ ಇಳಿಯುತ್ತದೆ. ಹತ್ತೊಂಬತ್ತರಿಂದ ಇಪ್ಪತ್ತೆಂಟರವರೆಗೆ ಎರಡು ಫ್ರೇಮಿಗೆ ಒಂದು. ಇಪ್ಪತ್ತೊಂಬತ್ತನೆಯ ಹಂತದಲ್ಲಿ ಪ್ರತಿ ಫ್ರೇಮಿಗೂ ಒಂದು. ಆ ಹಂತದಲ್ಲಿ ತುಂಡು ಮೇಲಿನಿಂದ ತಳಕ್ಕೆ ಬರಲು ಸೆಕೆಂಡಿನ ಮೂರನೆಯ ಒಂದು ಪಾಲು ಸಾಕು. ಇತ್ತ, ಗುಂಡಿಯನ್ನು ಒತ್ತಿಹಿಡಿದರೆ ತುಂಡು ಒಂದು ಮನೆ ಸರಿದು, ೧೬ ಫ್ರೇಮು ತಡೆದು, ಅನಂತರ ೬ ಫ್ರೇಮಿಗೆ ಒಂದು ಮನೆಯಂತೆ ಸರಿಯುತ್ತದೆ. ನಡುವಿನಲ್ಲಿ ಹುಟ್ಟಿದ ತುಂಡು ಅಂಚಿಗೆ ಹೋಗಲು ನಾಲ್ಕೈದು ಮನೆ ದಾಟಬೇಕು. ದಾಟುವ ಮೊದಲೇ ಅದು ನೆಲ ಕಾಣುತ್ತದೆ. ಹೀಗಾಗಿ ಇಪ್ಪತ್ತೊಂಬತ್ತನೆಯ ಹಂತವನ್ನು ಮುಟ್ಟಿದವನ ಆಟ ಕ್ಷಣಮಾತ್ರದಲ್ಲಿ ಮುಗಿಯುತ್ತಿತ್ತು. ಅದರಾಚೆಗೆ ಯಾರೂ ಹೋಗಲಾರರೆಂದು ಆಟವನ್ನು ರಚಿಸಿದವರೂ ಭಾವಿಸಿದ್ದಂತೆ ತೋರುತ್ತದೆ. ಏಕೆಂದರೆ ಹಂತದ ಸಂಖ್ಯೆಯನ್ನು ತೆರೆಯ ಮೇಲೆ ಸರಿಯಾಗಿ ಬರೆಯುವ ವ್ಯವಸ್ಥೆ ಇಪ್ಪತ್ತೊಂಬತ್ತಕ್ಕೇ ನಿಲ್ಲುತ್ತದೆ. ಮೂವತ್ತನೆಯ ಹಂತದಲ್ಲಿ ಅಲ್ಲಿ ಎರಡು ಸೊನ್ನೆಗಳು ಕಾಣುತ್ತವೆ.

ಇನ್ನು ಆಟಗಾರರ ವಿಚಾರ. ಗೇಮ್ ಪಾರ್ಲರುಗಳ ಕಾಲದಲ್ಲಿ ಒಬ್ಬರನ್ನೊಬ್ಬರು ಅರಿಯುವುದು ಕಷ್ಟವಾಗಿರಲಿಲ್ಲ. ಯಂತ್ರದ ಮುಂದೆ ನಿಂತವನ ಹಿಂದೆ ನಾಲ್ವರು ನಿಂತು ನೋಡುತ್ತಿದ್ದರು. ಅಮೆರಿಕದ ಅಯೋವಾ ಪ್ರಾಂತದ ಆಟಮ್ವಾ ಎಂಬ ಸಣ್ಣ ಊರಿನಲ್ಲಿ ವಾಲ್ಟರ್ ಡೇ ಎಂಬುವರು ೧೯೮೧ರಲ್ಲಿ ಟ್ವಿನ್ ಗ್ಯಾಲಕ್ಸೀಸ್ ಎಂಬ ಪಾರ್ಲರನ್ನು ತೆರೆದು, ಮರುವರ್ಷ ದೇಶಕ್ಕೆಲ್ಲ ಅನ್ವಯಿಸುವ ಅಂಕಗಳ ಪಟ್ಟಿಯೊಂದನ್ನು ಆರಂಭಿಸಿದರು. ದೂರದ ಪಾರ್ಲರುಗಳವರು ದೂರವಾಣಿಯ ಮೂಲಕ ತಮ್ಮಲ್ಲಿಯ ಅಂಕಗಳನ್ನು ತಿಳಿಸುತ್ತಿದ್ದರು. ಆಟ ಮನೆಯೊಳಕ್ಕೆ ಬಂದ ಮೇಲೆ ಹಿಂದೆ ನಿಂತು ನೋಡುವವರು ಇಲ್ಲವಾದರು. ಅವರ ಸ್ಥಾನಕ್ಕೆ ಬಂದುದು ಛಾಯಾಚಿತ್ರ. ಆಕ್ಟಿವಿಷನ್ ಸಂಸ್ಥೆಯ ಪಿಟ್‌ಫಾಲ್ ಎಂಬ ೧೯೮೨ರ ಆಟದಲ್ಲಿ ೨೦,೦೦೦ ಅಂಕ ಗಳಿಸಿದವನು ಟಿವಿಯ ತೆರೆಯನ್ನು ಕ್ಯಾಮೆರಾದಿಂದ ಹಿಡಿದು ಅಂಚೆಯಲ್ಲಿ ಕಳುಹಿಸಿದರೆ, ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆಯೊಂದು ಬರುತ್ತಿತ್ತು. ೧೯೮೮ರಲ್ಲಿ ಹುಟ್ಟಿದ ನಿಂಟೆಂಡೊ ಪವರ್ ಪತ್ರಿಕೆಯೂ ಇಂತಹ ಛಾಯಾಚಿತ್ರಗಳನ್ನು ತರಿಸಿಕೊಂಡು ಹೆಸರು, ಅಂಕಗಳನ್ನು ಅಚ್ಚುಮಾಡುತ್ತಿತ್ತು. ಆಪಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರು ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಯಂತ್ರದ ಟೆಟ್ರಿಸಿನಲ್ಲಿ ಪದೇ ಪದೇ ಈ ಪಟ್ಟಿಗೇರಿ, ಇನ್ನು ತಮ್ಮ ಹೆಸರನ್ನು ಹಾಕುವುದಿಲ್ಲವೆಂದು ಪತ್ರಿಕೆಯವರು ಹೇಳಿದಾಗ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿ ಬರೆದು ಕಳುಹಿಸಿದರೆಂದು ತಾವೇ ಹೇಳಿಕೊಂಡಿದ್ದಾರೆ. ಅಷ್ಟು ಸಂಪನ್ನನಾದ ಮನುಷ್ಯನಿಗೂ ಆ ಸಣ್ಣಕ್ಷರದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಹಂಬಲ ಬಿಟ್ಟಿರಲಿಲ್ಲ.

ಆದರೆ ಇಂತಹ ಪಟ್ಟಿ ಕೊಡುತ್ತಿದ್ದುದೇನು? ಒಂದು ಹೆಸರು, ಒಂದು ಊರು, ಒಂದು ಸಂಖ್ಯೆ. ಆ ಸಂಖ್ಯೆಯನ್ನು ಗಳಿಸಿದ ಬಗೆ ಛಾಯಾಚಿತ್ರದಲ್ಲಿ ಇರುವುದಿಲ್ಲ. ಈ ಕ್ಯಾಸೆಟ್ಟಾದರೋ ಯಂತ್ರವನ್ನು ಆರಿಸಿದೊಡನೆ ಗಳಿಸಿದ ಅಂಕಗಳನ್ನೂ ಮರೆತುಬಿಡುತ್ತಿತ್ತು. ಪಟ್ಟಿಯನ್ನು ಓದಿದವನಿಗೆ ತನ್ನಂಥವರು ಇರುವರೆಂಬ ಸಮಾಧಾನ ದೊರೆಯುತ್ತಿತ್ತೇ ಹೊರತು ಅವರಿಂದ ಏನನ್ನೂ ಕಲಿಯುವ ಮಾರ್ಗವಿರಲಿಲ್ಲ.

ಇದಕ್ಕೆ ಥಾರ್ ಆಕರ್‌ಲಂಡ್ ಅವರ ವೃತ್ತಾಂತವೇ ನಿದರ್ಶನ. ನಿಂಟೆಂಡೊ ಸಂಸ್ಥೆಯು ೧೯೯೦ರಲ್ಲಿ ಅಮೆರಿಕದ ೨೯ ನಗರಗಳಲ್ಲಿ ಸಂಚಾರಿ ಪಂದ್ಯಾವಳಿಯನ್ನು ನಡೆಸಿತು. ೬ ನಿಮಿಷ ೨೧ ಸೆಕೆಂಡುಗಳಲ್ಲಿ ಮೂರು ಆಟಗಳನ್ನು ಒಂದರ ಮೇಲೊಂದರಂತೆ ಆಡಬೇಕು, ಕೊನೆಯದು ಟೆಟ್ರಿಸ್. ಆ ವರ್ಷದ ಕೊನೆಯಲ್ಲಿ ಹಾಲಿವುಡ್ಡಿನಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ೧೨ರಿಂದ ೧೭ ವರ್ಷದವರ ವರ್ಗವನ್ನು ಆಕರ್‌ಲಂಡ್ ಗೆದ್ದರು. ಅವರಲ್ಲಿ ಒಂದು ವಿಶೇಷ ಕೈಚಳಕವಿತ್ತು. ಗುಂಡಿಯನ್ನು ಒತ್ತಿಹಿಡಿಯದೆ, ಹೆಬ್ಬೆರಳನ್ನು ನಡುಗಿಸಿ ಸೆಕೆಂಡಿಗೆ ಹಲವು ಬಾರಿ ಮಿಡಿಯುತ್ತಿದ್ದರು. ಪ್ರತಿ ಮಿಡಿತಕ್ಕೂ ತುಂಡು ಒಂದು ಮನೆ ಸರಿಯುವುದರಿಂದ ೧೬ ಫ್ರೇಮಿನ ತಡೆ ಅವರನ್ನು ತಡೆಯಲಿಲ್ಲ. ಇಪ್ಪತ್ತೊಂಬತ್ತನೆಯ ಹಂತದ ಗೋಡೆಗೆ ಬೇಕಾದ ಕೀಲಿಕೈ ಹೀಗೆ ಮೊದಲೇ ಸಿದ್ಧವಾಗಿತ್ತು. ಆದರೆ ಪಂದ್ಯ ಮುಗಿಯಿತು. ಹುಡುಗರು ತಂತಮ್ಮ ಊರುಗಳಿಗೆ ಹೋದರು. ಮರುವರ್ಷವೇ ಅಮೆರಿಕದ ಅಂಗಡಿಗಳಿಗೆ ಹೊಸ ಯಂತ್ರ ಬಂದಿತು. ಆ ಕೀಲಿಕೈಯನ್ನು ಪಡೆದುಕೊಳ್ಳಲು ಯಾರೂ ಎದುರಿಗಿರಲಿಲ್ಲ. ಇಪ್ಪತ್ತು ವರ್ಷಗಳ ಕಾಲ ಅದು ಒಬ್ಬ ಮನುಷ್ಯನ ಹೆಬ್ಬೆರಳಿನಲ್ಲಿಯೇ ಉಳಿಯಿತು ಎಂದರೆ ಹೆಚ್ಚು ತಪ್ಪಾಗಲಾರದು.

ಇಲ್ಲಿ ಇನ್ನೊಂದು ಹಳೆಯ ಆಟದೊಡನೆ ಹೋಲಿಸಿ ನೋಡುವುದು ಉಚಿತ. ೧೯೯೩ರ ಕೊನೆಯಲ್ಲಿ ಹೊರಬಂದ ಡೂಮ್ ಎಂಬ ಕಂಪ್ಯೂಟರ್ ಆಟದಲ್ಲಿ, ಆಡುವವನು ಒತ್ತಿದ ಕೀಲಿಗಳನ್ನೆಲ್ಲ ಒಂದು ಪುಟ್ಟ ಕಡತದಲ್ಲಿ ದಾಖಲಿಸುವ ಏರ್ಪಾಡಿತ್ತು. ಆ ಕಡತವನ್ನು ಬೇರೊಂದು ಯಂತ್ರಕ್ಕೆ ಹಾಕಿದರೆ ಅದೇ ಆಟ ಹೆಜ್ಜೆ ಹೆಜ್ಜೆಗೂ ಮತ್ತೆ ನಡೆಯುತ್ತಿತ್ತು. ಪರಿಣಾಮವಾಗಿ ೧೯೯೪ರಲ್ಲಿಯೇ, ಅತಿ ಕಡಿಮೆ ಕಾಲದಲ್ಲಿ ಆಟವನ್ನು ಮುಗಿಸಿದವರ ಕಡತಗಳನ್ನು ಶೇಖರಿಸುವ ಕಂಪೆಟ್-ಎನ್ ಎಂಬ ಭಂಡಾರ ಹುಟ್ಟಿಕೊಂಡಿತು. ಡೂಮ್ ಆಟಗಾರರಿಗೆ ಒಂದು ವರ್ಷದೊಳಗೆ ದೊರೆತ ಸಹವಾಸವು ಟೆಟ್ರಿಸ್ ಆಟಗಾರರಿಗೆ ಎರಡು ದಶಕಗಳವರೆಗೆ ದೊರೆಯಲಿಲ್ಲ. ಸ್ವಭಾವದಲ್ಲಿ ಇವರು ಅವರಿಗಿಂತ ಏಕಾಂತಪ್ರಿಯರೆಂದು ಹೇಳಲು ಆಧಾರವಿಲ್ಲ. ಅವರ ಕೈಯಲ್ಲಿ ಇನ್ನೊಬ್ಬನು ನೋಡಿ ಪರೀಕ್ಷಿಸಬಹುದಾದ, ನೋಡಿ ಕಲಿಯಬಹುದಾದ ಸಾಕ್ಷ್ಯವಿತ್ತು. ಇವರ ಕೈಯಲ್ಲಿ ಇರಲಿಲ್ಲ. ಕಾರಣ ಪ್ರಾಯಶಃ ಇದೇ.

ಸಾಕ್ಷ್ಯದ ದೌರ್ಬಲ್ಯದಿಂದ ಬಂದ ತೊಡಕಿಗೂ ಒಂದು ಉದಾಹರಣೆಯನ್ನು ಕೊಡಬಹುದು. ಡ್ರ್ಯಾಗ್‌ಸ್ಟರ್ ಎಂಬ ಮೋಟಾರು ಪಂದ್ಯದ ಆಟವನ್ನು ೫.೫೧ ಸೆಕೆಂಡುಗಳಲ್ಲಿ ಮುಗಿಸಿದ ದಾಖಲೆಯೊಂದು ೧೯೮೨ರಿಂದ ಪಟ್ಟಿಯಲ್ಲಿತ್ತು. ಬಹುಕಾಲದ ಮೇಲೆ ಆಟದ ಕ್ರಮವಿಧಿಯನ್ನೇ ಬಿಡಿಸಿ ಲೆಕ್ಕ ಹಾಕಿದಾಗ ೫.೫೭ಕ್ಕಿಂತ ಕಡಿಮೆ ಕಾಲ ಸಾಧ್ಯವೇ ಇಲ್ಲವೆಂದು ಕಂಡುಬಂದಿತು. ೨೦೧೮ರಲ್ಲಿ ಟ್ವಿನ್ ಗ್ಯಾಲಕ್ಸೀಸ್ ಆ ದಾಖಲೆಯನ್ನು ತೆಗೆದುಹಾಕಿತು. ತಾಮ್ರಪಟದ ಕಾಲವನ್ನು ಅದರೊಳಗಿನ ಗ್ರಹಣದ ಗಣಿತದಿಂದ ಪರೀಕ್ಷಿಸುವವರಿಗೆ ಈ ವಿಧಾನ ಹೊಸದೆನಿಸದು.

ಟೆಟ್ರಿಸ್ ಆಟಗಾರರು ಕೂಡಿದುದು ತೆರೆಯ ಮೇಲಿನ ಆಟವನ್ನು ಆದ್ಯಂತವಾಗಿ ಚಿತ್ರೀಕರಿಸಿ ಅಂತರಜಾಲದಲ್ಲಿ ಇಡುವುದು ಸುಲಭವಾದ ಮೇಲೆ. ತೆರೆಯ ಮೇಲೆ ಅಂಕಗಳಿಗೆ ಆರು ಸ್ಥಾನಗಳು ಮಾತ್ರ ಇರುವುದರಿಂದ ೯,೯೯,೯೯೯ಕ್ಕಿಂತ ಹೆಚ್ಚು ತೋರುವುದಿಲ್ಲ. ಹದಿನೆಂಟನೆಯ ಹಂತದಿಂದ ಆರಂಭಿಸಿದರೆ ೨೩೦ ಸಾಲುಗಳನ್ನು ಅಳಿಸುವಷ್ಟರಲ್ಲಿ ಇಪ್ಪತ್ತೊಂಬತ್ತನೆಯ ಹಂತ ಬಂದುಬಿಡುತ್ತದೆ. ಅಷ್ಟರೊಳಗೆ ಈ ಮೊತ್ತವನ್ನು ಗಳಿಸಬೇಕು. ನಾಲ್ಕು ಸಾಲುಗಳನ್ನು ಒಮ್ಮೆಗೇ ಅಳಿಸಿದರೆ ಹದಿನೆಂಟನೆಯ ಹಂತದಲ್ಲಿ ೨೨,೮೦೦ ಅಂಕ. ಬಿಡಿಬಿಡಿಯಾಗಿ ನಾಲ್ಕು ಬಾರಿ ಅಳಿಸಿದರೆ ಒಟ್ಟು ೩,೦೪೦ ಮಾತ್ರ. ಆದಕಾರಣ ಅಪಾಯವನ್ನು ಲೆಕ್ಕಿಸದೆ ರಾಶಿಯನ್ನು ಎತ್ತರಿಸಿ ಉದ್ದ ಪಟ್ಟಿಗಾಗಿ ಕಾಯಬೇಕು. ಈ ಸಾಧನೆಯನ್ನು ಸಾಕ್ಷ್ಯಸಮೇತ ಮೊದಲು ತೋರಿಸಿದವರೆಂದು ಹ್ಯಾರಿ ಹಾಂಗ್ ಅವರ ಹೆಸರು ೨೦೦೯ರಲ್ಲಿ ದಾಖಲಾಯಿತು. ಅದೇ ಸುಮಾರಿಗೆ, ೧೯೯೦ರ ಅಂತಿಮ ಸುತ್ತಿನಲ್ಲಿ ಆಡಿದ್ದ ರಾಬಿನ್ ಮಿಹಾರಾ ಅವರು ಚಿತ್ರನಿರ್ದೇಶಕ ಆಡಮ್ ಕಾರ್ನೀಲಿಯಸ್ ಮೊದಲಾದವರೊಡನೆ ಸೇರಿ ಹಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಹುಡುಕತೊಡಗಿದರು. ೨೦೧೦ರ ಆಗಸ್ಟ್ ತಿಂಗಳಿನಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಕ್ಲಾಸಿಕ್ ಟೆಟ್ರಿಸ್ ವಿಶ್ವ ಸ್ಪರ್ಧೆಯ ಮೊದಲ ಕೂಟ ಸೇರಿತು. ಆಕರ್‌ಲಂಡ್ ಅವರೂ ಬಂದರು. ಹಾಂಗ್ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಗೆದ್ದವರು ಜೋನಸ್ ನ್ಯೂಬಾವರ್. ಈ ಹುಡುಕಾಟದ ಸಾಕ್ಷ್ಯಚಿತ್ರ ೨೦೧೧ರಲ್ಲಿ ಹೊರಬಂದಿತು.

೨೦೧೨ರಿಂದ ಹಲವು ವರ್ಷ ಈ ಕೂಟ ಆರೆಗಾನ್ ಪ್ರಾಂತದ ಪೋರ್ಟ್‌ಲ್ಯಾಂಡ್ ನಗರದಲ್ಲಿ, ಹಳೆಯ ಆಟಗಳ ವಾರ್ಷಿಕ ಪ್ರದರ್ಶನದ ಅಂಗವಾಗಿ ನಡೆಯಿತು. ಅಲ್ಲಿ ಸಾಲಾಗಿ ಇಟ್ಟಿದ್ದುದು ಮೂಲ ಎನ್‌ಇಎಸ್ ಯಂತ್ರಗಳು ಮತ್ತು ಪಿಕ್ಚರ್ ಟ್ಯೂಬ್ ಇರುವ ಭಾರವಾದ ಹಳೆಯ ಟಿವಿಗಳು. ಇದು ಹಳತಿನ ವ್ಯಾಮೋಹವಷ್ಟೇ ಅಲ್ಲ. ಈಚಿನ ಚಪ್ಪಟೆ ಟಿವಿಗಳು ಬಂದ ಚಿತ್ರವನ್ನು ಸಂಸ್ಕರಿಸಿ ತೋರಿಸುವುದರಿಂದ ಒಂದೆರಡು ಫ್ರೇಮುಗಳಾದರೂ ತಡವಾಗುವುದುಂಟು. ಎರಡು ಫ್ರೇಮಿಗೆ ಒಂದು ಮನೆಯಂತೆ ಇಳಿಯುವ ಆಟದಲ್ಲಿ ಆ ತಡವೇ ಸೋಲು. ಆ ಟಿವಿಗಳನ್ನು ಪ್ರತಿವರ್ಷ ಎಲ್ಲಿಂದಲೋ ಹುಡುಕಿ, ಹೊತ್ತು ತಂದು, ಮತ್ತೆ ಹೊತ್ತುಕೊಂಡು ಹೋಗುವವರ ಶ್ರಮದ ಮೇಲೆಯೇ ಈ ಕೂಟ ನಿಂತಿತ್ತೆಂಬುದನ್ನು ಮರೆಯಬಾರದು.

ನ್ಯೂಬಾವರ್ ಅವರು ೨೦೧೭ರೊಳಗೆ ಏಳು ಬಾರಿ ಈ ಸ್ಪರ್ಧೆಯನ್ನು ಗೆದ್ದರು. ಅವರದು ಗುಂಡಿಯನ್ನು ಒತ್ತಿಹಿಡಿದು ಆಡುವ ಸಾಂಪ್ರದಾಯಿಕ ಮಾರ್ಗ. ಗೋಡೆಯ ಈಚೆಗೇ ನಿಂತು, ಅಲ್ಲಿಯವರೆಗೆ ಗಳಿಸಬಹುದಾದುದನ್ನೆಲ್ಲ ಗಳಿಸುವ ಕಲೆ. ಅವರ ಪಂದ್ಯಗಳ ಚಿತ್ರೀಕರಣಗಳು ಲೋಕದಲ್ಲೆಲ್ಲ ಹರಡಿದವು. ಅವುಗಳನ್ನು ನೋಡಿ ಆಟಕ್ಕಿಳಿದ ಕ್ಯಾಲಿಫೋರ್ನಿಯದ ಜೋಸೆಫ್ ಸೇಲೀ ಎಂಬ ಹದಿನಾರು ವರ್ಷದ ತರುಣ ೨೦೧೮ರ ಅಂತಿಮ ಪಂದ್ಯದಲ್ಲಿ ನ್ಯೂಬಾವರ್ ಅವರನ್ನೇ ಸೋಲಿಸಿದನು. ಆ ಕ್ಯಾಸೆಟ್ಟು ಅವನಿಗಿಂತ ಹದಿಮೂರು ವರ್ಷ ಹಿರಿಯದು. ಅವನು ಬಳಸಿದ್ದು ಆಕರ್‌ಲಂಡ್ ಅವರ ಮಿಡಿಯುವ ವಿದ್ಯೆ. ಜಪಾನಿನ ಕೋಜಿ ನಿಷಿಯೋ ಅವರೂ ಅದನ್ನು ಅದೇ ಕೂಟದಲ್ಲಿ ಬಳಸುತ್ತಿದ್ದರು. ಈ ಬಾರಿ ಆ ವಿದ್ಯೆ ಒಬ್ಬನ ಬೆರಳಿನಲ್ಲಿ ಉಳಿಯಲಿಲ್ಲ. ನೋಡಿದವರು ಅದನ್ನು ಅಭ್ಯಾಸ ಮಾಡಿದರು. ಮಾಡಿದವರು ಚಿತ್ರೀಕರಿಸಿ ತೋರಿಸಿದರು. ೨೦೨೦ರ ಕೊನೆಯ ಸುಮಾರಿಗೆ ಕ್ರಿಸ್ಟೋಫರ್ ಮಾರ್ಟಿನೆಜ್ ಎಂಬುವರು ಇನ್ನೊಂದು ಉಪಾಯವನ್ನು ರೂಢಿಗೆ ತಂದರು. ಒಂದು ಕೈಯ ಹೆಬ್ಬೆರಳನ್ನು ಗುಂಡಿಯ ಮೇಲೆ ಹಗುರವಾಗಿ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರಿನ ಬೆನ್ನನ್ನು ತಬಲ ಬಾರಿಸುವಂತೆ ಒಂದಾದ ಮೇಲೊಂದರಂತೆ ತಟ್ಟುವುದು. ಪ್ರತಿ ತಟ್ಟಿಗೂ ಗುಂಡಿಯೇ ಮೇಲೆದ್ದು ಹೆಬ್ಬೆರಳಿಗೆ ಒತ್ತಿಕೊಳ್ಳುತ್ತದೆ. ಇದರಿಂದ ವೇಗವೂ ಹೆಚ್ಚಿತು, ಕೈಗೆ ಆಯಾಸವೂ ಕಡಿಮೆಯಾಯಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಇಪ್ಪತ್ತೊಂಬತ್ತನೆಯ ಹಂತದ ಗೋಡೆ ಬರಿಯ ಹೊಸ್ತಿಲಾಯಿತು.

ಗೋಡೆ ಬಿದ್ದ ಮೇಲೆ ಆಟಕ್ಕೆ ಕೊನೆಯೆಲ್ಲಿ ಎಂಬ ಪ್ರಶ್ನೆ ಎದ್ದಿತು. ೧೩೮ನೆಯ ಹಂತದಿಂದ ಮುಂದೆ ತುಂಡುಗಳ ಬಣ್ಣಗಳು ಕೆಡುತ್ತವೆ. ಕೆಲವು ಹಂತಗಳಲ್ಲಿ ಅವು ಕಪ್ಪು ಹಿನ್ನೆಲೆಯಲ್ಲಿ ಕಂಡೂ ಕಾಣದಂತಾಗುತ್ತವೆ. ಅದಕ್ಕೂ ಮುಂದೆ ಯಂತ್ರವೇ ಎಡವುತ್ತದೆ. ಅಂಕಗಳನ್ನು ಹಂತದ ಸಂಖ್ಯೆಯಿಂದ ಗುಣಿಸಬೇಕಷ್ಟೆ. ಅದರ ಪುಟ್ಟ ಮಿದುಳಿಗೆ ಗುಣಾಕಾರ ಬಾರದು, ಮತ್ತೆ ಮತ್ತೆ ಕೂಡುತ್ತ ಹೋಗುತ್ತದೆ. ಹಂತ ೧೫೫ನ್ನು ಮುಟ್ಟಿದ ಮೇಲೆ ಈ ಕೂಡುವಿಕೆ ಕೆಲವು ಸಂದರ್ಭಗಳಲ್ಲಿ ಒಂದು ಫ್ರೇಮಿನ ಅವಧಿಯೊಳಗೆ ಮುಗಿಯದೆ ಆಟ ಸ್ತಬ್ಧವಾಗಬಹುದು. ಗ್ರೆಗ್ ಕ್ಯಾನನ್ ಅವರು ರಚಿಸಿದ ಸ್ಟ್ಯಾಕ್‌ರ್ಯಾಬಿಟ್ ಎಂಬ ಗಣಕ ಆಟಗಾರನ ಮೂಲಕ ಆಟ ಹೀಗೆ ನಿಲ್ಲಬಲ್ಲುದೆಂದು ಮೊದಲು ತಿಳಿಯಿತು. ಯಾವ ಹಂತದಲ್ಲಿ ಯಾವ ಬಗೆಯಾಗಿ ಸಾಲನ್ನು ಅಳಿಸಿದರೆ ಹೀಗಾಗುವುದೆಂಬುದನ್ನು ಬಳಗದವರು ಸೇರಿ ಪಟ್ಟಿಮಾಡಿದರು. ಓಕ್ಲಹೋಮಾ ಪ್ರಾಂತದ ವಿಲ್ಲಿಸ್ ಗಿಬ್ಸನ್ ಎಂಬ ಹದಿಮೂರು ವರ್ಷದ ಬಾಲಕನು ೨೦೨೩ರ ಡಿಸೆಂಬರ್ ೨೧ರಂದು ೧೫೭ನೆಯ ಹಂತದಲ್ಲಿ ಅಂತಹ ಒಂದು ಸಾಲನ್ನು ಅಳಿಸಿ ಆಟವನ್ನು ನಿಲ್ಲಿಸಿದನು. ಮನುಷ್ಯನೊಬ್ಬನು ಈ ಕ್ಯಾಸೆಟ್ಟನ್ನು ಅದರ ಕೊನೆಯವರೆಗೆ ಆಡಿದುದು ಅದೇ ಮೊದಲು. ಅದೇ ತಿಂಗಳಿನಲ್ಲಿ ತೀರಿಕೊಂಡಿದ್ದ ತನ್ನ ತಂದೆಗೆ ಆ ಆಟವನ್ನು ಅವನು ಅರ್ಪಿಸಿದನು. ಸ್ತಬ್ಧವಾಗದಂತೆ ತಿದ್ದಿದ ಆಟವನ್ನು ಮೈಕೆಲ್ ಆರ್ಟಿಯಾಗಾ ಎಂಬ ತರುಣನು ೨೦೨೪ರ ಅಕ್ಟೋಬರಿನಲ್ಲಿ ೨೫೫ನೆಯ ಹಂತವನ್ನೂ ದಾಟಿಸಿ ಮತ್ತೆ ಸೊನ್ನೆಯ ಹಂತಕ್ಕೆ ತಂದನು. ನ್ಯೂಬಾವರ್ ಅವರು ಇವೆರಡನ್ನೂ ಕಾಣಲಿಲ್ಲ. ೨೦೨೧ರ ಜನವರಿಯಲ್ಲಿ ಅವರು ನಿಧನರಾಗಿದ್ದರು.

ಈ ಬಳಗವನ್ನು ಸೇರಬಯಸುವ ನಮ್ಮವರು ಗಮನಿಸಬೇಕಾದ ಒಂದು ತಾಂತ್ರಿಕ ಸಂಗತಿಯಿದೆ. ಮೇಲೆ ಹೇಳಿದ ಲೆಕ್ಕಗಳೆಲ್ಲ ಸೆಕೆಂಡಿಗೆ ೬೦ ಫ್ರೇಮುಗಳ ಅಮೆರಿಕದ ಟಿವಿ ಪದ್ಧತಿಗೆ ಸೇರಿದವು. ಭಾರತವೂ ಯೂರೋಪಿನ ಬಹುಭಾಗವೂ ಅನುಸರಿಸಿದುದು ೫೦ ಫ್ರೇಮುಗಳ ಪಾಲ್ ಪದ್ಧತಿ. ಯೂರೋಪಿಗಾಗಿ ಮಾಡಿದ ಕ್ಯಾಸೆಟ್ಟಿನಲ್ಲಿ ಇಳಿಯುವ ವೇಗ, ಸರಿಯುವ ವೇಗ ಎರಡೂ ಬೇರೆ. ಒಂದರ ಅಂಕವನ್ನು ಇನ್ನೊಂದರ ಅಂಕದೊಡನೆ ಹೋಲಿಸುವುದು ಕೊಳಗದಲ್ಲಿ ಅಳೆದುದನ್ನು ಸೇರಿನಲ್ಲಿ ಅಳೆದುದರೊಡನೆ ಹೋಲಿಸಿದಂತೆ. ಆದುದರಿಂದ ಜೊತೆಗಾರರನ್ನು ಅರಸುವವನು ತಾನು ಆಡುವುದು ಯಾವ ಪದ್ಧತಿಯ ಆಟ, ಯಾವ ಹಂತದಿಂದ ಆರಂಭ, ಮೂಲ ಯಂತ್ರವೋ ಅದರ ಅನುಕರಣವೋ ಎಂಬುದನ್ನು ಮೊದಲೇ ತಿಳಿಸಿ, ಅಂಕದ ಚಿತ್ರವೊಂದನ್ನೇ ಕಳುಹಿಸದೆ ಆಟವನ್ನು ಮೊದಲಿನಿಂದ ಕೊನೆಯವರೆಗೆ ತೋರಿಸುವುದು ಲೇಸು.

ನಮ್ಮಲ್ಲಿ ಈ ಆಟ ಬಂದುದು ಬೇರೆ ದಾರಿಯಿಂದ. ತೊಂಬತ್ತರ ದಶಕದಲ್ಲಿ ಜಾತ್ರೆಯ ಅಂಗಡಿಗಳಲ್ಲಿ, ಬಸ್ ನಿಲ್ದಾಣದ ಮಳಿಗೆಗಳಲ್ಲಿ ಮಾರುತ್ತಿದ್ದ, ‘೯೯೯೯ ಆಟಗಳು’ ಎಂದು ಮೇಲೆ ಬರೆದಿದ್ದ, ಎರಡು ಸೆಲ್ಲುಗಳ ಬ್ರಿಕ್ ಗೇಮನ್ನು ಈ ಲೇಖಕನ ವಯಸ್ಸಿನವರು ಬಲ್ಲರು. ನಮ್ಮ ಮನೆಯಲ್ಲಿ ಅಣ್ಣನೇ ಅದರಲ್ಲಿ ಮುಂದು. ಬೇಸಿಗೆಯ ರಜದ ಒಂದು ಮಧ್ಯಾಹ್ನ ಅವನು ತಾನು ಗಳಿಸಿದ ಅಂಕವನ್ನು ತೋರಿಸಲೆಂದು ನನ್ನನ್ನು ಹಿತ್ತಿಲಿನಿಂದ ಕೂಗಿದನು. ನಾನು ಓಡಿಬರುವಷ್ಟರಲ್ಲಿ ಸೆಲ್ಲು ಮುಗಿದು ತೆರೆ ಬೂದುಬಣ್ಣಕ್ಕೆ ತಿರುಗಿತ್ತು. ಆ ಸಂಖ್ಯೆಯನ್ನು ಅವನು ಇಂದಿಗೂ ಹೇಳುತ್ತಾನೆ. ನಾನು ಇಂದಿಗೂ ಒಪ್ಪಿಲ್ಲ.